ಟೆರೇಸ್ ಮೇಲೆ ದೊಡ್ಡವರಿಗೆ ಮಾತ್ರ: ಯಾವ ಡಾರ್ಕ್ ಕಾಮಿಡಿ ಕಾರ್ಟೂನ್ ಹಾಕಲಿ?

ಮೂರನೇ ಮಹಡಿ ಕೇಳಿದ್ದು:

ನಮಸ್ಕಾರ. ಮೈಸೂರಿನಲ್ಲಿ ನಮ್ಮದು 18 ಮನೆಗಳ ಅಪಾರ್ಟ್‌ಮೆಂಟ್. ತಿಂಗಳಿಗೊಂದು ಶನಿವಾರ ಟೆರೇಸಿನಲ್ಲಿ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು ಸಿನಿಮಾ ಹಾಕುತ್ತೇವೆ. ಪಂಚೆ ನಮ್ಮ ಮಾವನವರದ್ದು. ಅವರು ಹೋಗಿ ಆರು ವರ್ಷ ಆಯಿತು, ಪಂಚೆ ಇನ್ನೂ ಗಟ್ಟಿಯಾಗಿದೆ.

ಈ ತಿಂಗಳ ಆಯ್ಕೆ ನನ್ನದು. ಹೋದ ತಿಂಗಳು ಒಬ್ಬರು ಮೂರು ಗಂಟೆಯ ಸಂಸಾರದ ಸಿನಿಮಾ ಹಾಕಿದರು. ಇಂಟರ್ವಲ್ ಹೊತ್ತಿಗೆ ಅರ್ಧ ಜನ ಗೊರಕೆ. ಅದಕ್ಕೇ ನನಗೆ ಕಿರುಚಿತ್ರಗಳು ಬೇಕು. ಅನಿಮೇಷನ್ ಆಗಿರಬೇಕು, ದೊಡ್ಡವರಿಗೆ ಮಾಡಿದ್ದಾಗಿರಬೇಕು, ನಗು ಬರಬೇಕು. ಆದರೆ ಎಂಥಾ ನಗು ಅಂದರೆ, ವೈಕುಂಠ ಸಮಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ಬರುತ್ತದಲ್ಲ, ಅಂಥದ್ದು. ಸತ್ತವರ ಜಿಪುಣತನದ ಕತೆ ಯಾರೋ ತೆಗೆಯುತ್ತಾರೆ, ಪಾಯಸ ಬಡಿಸುವವನೂ ಸೌಟು ಹಿಡಿದುಕೊಂಡೇ ನಗುತ್ತಾನೆ, ಪಂಕ್ತಿಯ ಕೊನೆಯಲ್ಲಿ ಒಬ್ಬರು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ. ಆ ನಗು.

ಹೋದ ವರ್ಷ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಬಿಲ್ ಪ್ಲಿಂಪ್ಟನ್ ಅವರ 2004ರ 'ಗಾರ್ಡ್ ಡಾಗ್' ಹಾಕಿದ್ದೆ. ಐದೇ ನಿಮಿಷದ್ದು. ವಾಕಿಂಗ್ ಹೊರಟ ನಾಯಿಗೆ ದಾರಿಯಲ್ಲಿ ಕಂಡದ್ದೆಲ್ಲ ತನ್ನ ಯಜಮಾನನನ್ನು ಕೊಲ್ಲಲು ಬಂದ ಹಾಗೆ ಕಾಣುತ್ತದೆ. ಹೂವು ಕೂಡ. ಕೊನೆಗೆ ನಾಯಿಯ ಕಾವಲೇ ಯಜಮಾನನ ಪ್ರಾಣ ತೆಗೆಯುತ್ತದೆ. ನಾನು ಗ್ರೂಪಿನಲ್ಲಿ 'ಅನಿಮೇಷನ್' ಅಂತ ಹಾಕಿದ್ದೆ. ಎಲ್ಲರೂ ಅದನ್ನು 'ಕಾರ್ಟೂನ್' ಅಂತ ಓದಿ ಮಕ್ಕಳನ್ನು ಚಿಪ್ಸ್ ಪ್ಯಾಕೆಟ್ ಸಮೇತ ಕರೆತಂದರು. ಎರಡನೇ ಮಹಡಿಯ ಹುಡುಗಿ ಒಂದು ವಾರ ಅವರ ಮನೆ ಲ್ಯಾಬ್ರಡಾರ್ ಹತ್ತಿರ ಹೋಗಲಿಲ್ಲವಂತೆ. ಅವರಮ್ಮ ನನ್ನ ಹತ್ತಿರ ಬರಲಿಲ್ಲ.

ಈಗ ಷರತ್ತು ಕೇಳಿ. ಒಟ್ಟು 90 ನಿಮಿಷ ಮೀರಬಾರದು. ಹದಿನಾಲ್ಕು ಜನ, ಎಲ್ಲ ದೊಡ್ಡವರು. ನಮ್ಮತ್ತೆಗೆ 74, ತೀರ್ಥಹಳ್ಳಿ ಕಡೆಯವರು, ಇಂಗ್ಲಿಷ್ ಬರುವುದಿಲ್ಲ, ಬಾಯಿ ಮಾತ್ರ ಬಹಳ ಚುರುಕು. ಹಾಗಾಗಿ ಮಾತು ಕಮ್ಮಿ ಇದ್ದರೆ ಒಳ್ಳೆಯದು, ಪಂಚೆಯ ಮೇಲೆ ಸಬ್‌ಟೈಟಲ್ ಯಾರಿಗೂ ಕಾಣುವುದಿಲ್ಲ. ಇನ್ನೊಂದು ವಿಷಯ. ಬರುವವರಲ್ಲಿ ಇಬ್ಬರು ಪಾರ್ಕಿಂಗ್ ಗೆರೆಯ ವಿಷಯಕ್ಕೆ ಎರಡು ವರ್ಷದಿಂದ ಮಾತು ಬಿಟ್ಟಿದ್ದಾರೆ. ಗಲಾಟೆ ಆಗದ ಹಾಗಿರಲಿ.

---

ಡಿಕಾಕ್ಷನ್:

'ಲವ್ ಡೆತ್ ಆಂಡ್ ರೋಬೋಟ್ಸ್' ನೋಡಿ. 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು, ಮೊದಲ ಸೀಸನ್ನಿನಲ್ಲೇ 18 ಕತೆ. ಎಲ್ಲವೂ ನಗುವಿನದ್ದಲ್ಲ, ಕೆಲವು ಸುಮ್ನೆ ರಕ್ತ. ಆದರೆ ಮೊಸರಿನ ಕತೆ ಒಂದಿದೆ. ಮೊಸರಿಗೆ ಬುದ್ಧಿ ಬಂದು, ಅಮೆರಿಕ ಸರ್ಕಾರದ ಸಾಲ ತೀರಿಸುವ ಉಪಾಯ ಹೇಳಿಕೊಡುತ್ತೇನೆ, ಬದಲಿಗೆ ಒಹಾಯೋ ರಾಜ್ಯ ಬರೆದುಕೊಡಿ ಅನ್ನುತ್ತದೆ. ಆರೇ ನಿಮಿಷ. ಎರಡು ಹೊತ್ತೂ ಮೊಸರನ್ನ ತಿನ್ನುವ ಮನೆಯವನು ನಾನು, ಅವತ್ತು ರಾತ್ರಿ ಫ್ರಿಜ್ ತೆಗೆಯಲು ಸ್ವಲ್ಪ ಯೋಚನೆ ಮಾಡಿದೆ.

---

ಲೈಟ್‌ಬಾಕ್ಸ್:

ಮೇಡಂ, ಮೊಸರಿನ ಕತೆ ಚೆನ್ನಾಗಿದೆ, ಆದರೆ ಅದು ಪೂರ್ತಿ ಇಂಗ್ಲಿಷ್ ಮಾತಿನ ಮೇಲೆ ನಿಂತಿದೆ. ನಿಮ್ಮತ್ತೆಗೆ ಬರೀ ಮೊಸರು ಕಾಣುತ್ತದೆ.

ನಾನು ಬೆಂಗಳೂರಿನ ಸ್ಟುಡಿಯೋಗಳಲ್ಲಿ 13 ವರ್ಷ ಪರದೇಶದ ಮಕ್ಕಳ ಸೀರಿಯಲ್ಲುಗಳಿಗೆ ಮೊಲ, ಕರಡಿ ಓಡಿಸಿದವನು. ಮೊಲ ಬಿದ್ದರೆ ಪೆಟ್ಟಾಗಬಾರದು, ಕರಡಿಗೆ ಹಲ್ಲು ಜಾಸ್ತಿ ಕಾಣಬಾರದು ಅಂತ ಕ್ಲೈಂಟ್ ಕಡೆಯಿಂದ ಪಟ್ಟಿ ಬರುತ್ತಿತ್ತು. ದಿನವಿಡೀ ಅದನ್ನು ಮಾಡಿ, ರಾತ್ರಿ ರೂಮಿಗೆ ಬಂದು ನಾವು ನೋಡುತ್ತಿದ್ದದ್ದು ನೀವು ಕೇಳುತ್ತಿರುವಂಥ ಚಿತ್ರಗಳನ್ನೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಚಿತ್ರ ಅನ್ನುವುದಕ್ಕಿಂತ ಯಾವುದರ ಹಿಂದೆ ಯಾವುದು ಅನ್ನುವುದು ಮುಖ್ಯ. ಸಾಲಾಗಿ ಐದು ಸಾವು ತೋರಿಸಿದರೆ ಮೂರನೆಯದಕ್ಕೆ ಜನ ಅಭ್ಯಾಸಬಲದಿಂದ ನಗುತ್ತಾರೆ, ನಾಲ್ಕನೆಯದಕ್ಕೆ ಮೊಬೈಲ್ ತೆಗೆಯುತ್ತಾರೆ. ನಗಿಸಿ, ಸ್ವಲ್ಪ ಸುಮ್ಮನಿರಲು ಬಿಟ್ಟು, ಆಮೇಲೆ ಇನ್ನೊಂದು.

ಶುರುವಿಗೆ ಬೆಕ್ಕು. 'ದಿ ಕ್ಯಾಟ್ ಕೇಮ್ ಬ್ಯಾಕ್', 1988, ಕಾರ್ಡೆಲ್ ಬಾರ್ಕರ್ ಮಾಡಿದ್ದು, ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿನದ್ದು. ಎಂಟು ನಿಮಿಷವೂ ಇಲ್ಲ. 1893ರ ಒಂದು ಹಾಡೇ ಇದರ ಕತೆ. ಒಂಟಿ ಮುದುಕನ ಮನೆ ಬಾಗಿಲಿಗೆ ಹಳದಿ ಬೆಕ್ಕಿನ ಮರಿ ಬರುತ್ತದೆ, ಮನೆಯನ್ನೆಲ್ಲ ಚಿಂದಿ ಮಾಡುತ್ತದೆ. ಬಿಟ್ಟು ಬರಲು ಹೋದ ಮುದುಕ ಪ್ರತಿ ಸಲ ತಾನೇ ನುಜ್ಜುಗುಜ್ಜಾಗಿ ಬರುತ್ತಾನೆ, ಬೆಕ್ಕು ಅವನಿಗಿಂತ ಮುಂಚೆ ಮನೆಯಲ್ಲಿರುತ್ತದೆ. ಕೊನೆಗೆ ಡೈನಮೈಟ್. ಮುದುಕ ಸತ್ತು ಆತ್ಮ ಮೇಲೇಳುತ್ತದೆ, ಅಬ್ಬಾ ತಪ್ಪಿಸಿಕೊಂಡೆ ಅಂತ ಬೆಕ್ಕನ್ನು ಅಣಕಿಸುತ್ತದೆ. ಅಷ್ಟರಲ್ಲಿ ಅವನದೇ ಹೆಣ ಬೆಕ್ಕಿನ ಮೇಲೆ ಬೀಳುತ್ತದೆ. ಒಂದಲ್ಲ, ಒಂಬತ್ತು ಬೆಕ್ಕಿನ ಆತ್ಮ ಅವನ ಹಿಂದೆ ಬೀಳುತ್ತವೆ. ಇದು ಯಾಕೆ ಪೂರ್ತಿ ಹೇಳಿದೆ ಅಂದರೆ, ಬೆಕ್ಕಿಗೆ ಒಂಬತ್ತು ಜೀವ ಅನ್ನುವ ಮಾತು ಅವರದ್ದು, ನಮ್ಮದಲ್ಲ. ನಮ್ಮಲ್ಲಿ ಬೆಕ್ಕು ಅಡ್ಡ ಬರುತ್ತದೆ ಅಷ್ಟೆ. ಅತ್ತೆಗೆ ಮೊದಲೇ ಒಂದು ಮಾತು ಹೇಳಿಡಿ, ಇಲ್ಲದಿದ್ದರೆ ಕೊನೆಯ ನಗು ಹೋಗುತ್ತದೆ.

ಆಮೇಲೆ 'ದಿ ಬಿಗ್ ಸ್ನಿಟ್', 1985, ರಿಚರ್ಡ್ ಕಾಂಡಿ. ಇದೂ ಅದೇ ಫಿಲ್ಮ್ ಬೋರ್ಡ್, ಹತ್ತು ನಿಮಿಷ. ಸ್ನಿಟ್ ಅಂದರೆ ಮೂತಿ ಊದಿಸಿಕೊಂಡು ಕೂರುವುದು. ಗಂಡ ಹೆಂಡತಿ ಸ್ಕ್ರ್ಯಾಬಲ್, ಅಂದರೆ ಇಂಗ್ಲಿಷ್ ಅಕ್ಷರ ಜೋಡಿಸಿ ಪದ ಕಟ್ಟುವ ಆಟ, ಆಡುತ್ತಿದ್ದಾರೆ. ಗಂಡನ ಕೈಯಲ್ಲಿರುವ ಅಕ್ಷರಗಳೆಲ್ಲ ಇ. ಅವನು ಯೋಚಿಸುತ್ತಾನೆ, ಯೋಚಿಸುತ್ತಲೇ ಇರುತ್ತಾನೆ. ಅವನಿಗೆ ಮೇಜು ಕುರ್ಚಿಗೆ ಗರಗಸ ಹಾಕುವ ಚಟ, ಅವಳಿಗೆ ಕಣ್ಣುಗುಡ್ಡೆ ಕಿತ್ತು ಗಿಲಕಿಯ ಹಾಗೆ ಅಲ್ಲಾಡಿಸುವ ಚಟ. ಟಿವಿಯಲ್ಲೂ ಹುಡುಗರಿಗೆ ಗರಗಸ ಹಾಕುವುದನ್ನು ಕಲಿಸುವ ಕಾರ್ಯಕ್ರಮವೇ. ನಡುವೆ ಅಣುಯುದ್ಧ ಶುರುವಾಗುತ್ತದೆ. ಇಡೀ ಊರು ಹುಚ್ಚೆದ್ದು ಓಡುತ್ತಿದೆ, ಇವರಿಬ್ಬರಿಗೆ ಜಗಳದ ಗಲಾಟೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಕೊನೆಯಲ್ಲಿ ರಾಜಿಯಾಗುತ್ತಾರೆ. ಬಾಗಿಲು ತೆಗೆದಾಗ ಏನು ಕಾಣುತ್ತದೆ ಅಂತ ಹೇಳುವುದಿಲ್ಲ. ನಾನು 40 ಸಲ ನೋಡಿದ್ದೇನೆ, ಬಾಗಿಲು ತೆಗೆಯುವಾಗ ಈಗಲೂ ಗಂಟಲು ಕಟ್ಟುತ್ತದೆ.

ಪಾರ್ಕಿಂಗ್ ಜಗಳ ಇದೆ ಅಂದಿರಲ್ಲ, ಹಾಗಾದರೆ 'ನೇಬರ್ಸ್' ಹಾಕಲೇಬೇಕು. ನಾರ್ಮನ್ ಮೆಕ್‌ಲಾರೆನ್, 1952, ಎಂಟು ನಿಮಿಷ, ಮಾತೇ ಇಲ್ಲ. ಅಕ್ಕಪಕ್ಕದ ಇಬ್ಬರು, ಗಡಿಯಲ್ಲಿ ಒಂದು ಹೂವು ಅರಳುತ್ತದೆ, ನಂದು ನಿಂದು ಅಂತ ಬೇಲಿ ಬರುತ್ತದೆ, ಹೊಡೆದಾಟ ಬರುತ್ತದೆ. ಇದರಲ್ಲಿ ಚಿತ್ರ ಬಿಡಿಸಿಲ್ಲ. ನಿಜವಾದ ಮನುಷ್ಯರನ್ನೇ ಗೊಂಬೆಯ ಹಾಗೆ ಒಂದೊಂದು ಫ್ರೇಮಿಗೂ ನಿಲ್ಲಿಸಿ ತೆಗೆದದ್ದು. ಇಬ್ಬರೂ ಹುಲ್ಲಿನ ಮೇಲೆ ತೇಲುವ ಒಂದು ಜಾಗ ಇದೆ. ಅದನ್ನು ಹೇಗೆ ಮಾಡಿದರು ಗೊತ್ತಾ? ಜಿಗಿ, ಮೇಲಿದ್ದಾಗ ಕ್ಲಿಕ್. ಚೂರು ಮುಂದೆ ಬಾ, ಮತ್ತೆ ಜಿಗಿ, ಕ್ಲಿಕ್. ಒಂದು ಸೆಕೆಂಡಿಗೆ 24 ಫ್ರೇಮ್ ಬೇಕು, ಎಷ್ಟು ಸಲ ಜಿಗಿದಿರಬೇಕು ಲೆಕ್ಕ ಹಾಕಿ. ನಾನು ವಿದ್ಯಾರ್ಥಿಗಳ ಕೈಲಿ ಇದನ್ನು ಮಾಡಿಸುತ್ತೇನೆ, ನಾಲ್ಕು ಸೆಕೆಂಡ್ ತೇಲುವ ಹೊತ್ತಿಗೆ ಮೊಣಕಾಲು ಹಿಡಿದುಕೊಂಡು ಕೂರುತ್ತಾರೆ. ಸದ್ದಿಗೂ ವಾದ್ಯ ಬಳಸಿಲ್ಲ, ಫಿಲ್ಮಿನ ಅಂಚಿನಲ್ಲಿ ಸದ್ದಿಗೆಂದೇ ಇರುವ ಪಟ್ಟಿಯಿಂದಲೇ ಹುಟ್ಟಿಸಿದ್ದು.

ಎಚ್ಚರ ಹೇಳಬೇಕಾದ ಜಾಗವೂ ಇದರಲ್ಲೇ ಇದೆ. ಜಗಳ ಏರಿದಾಗ ಒಬ್ಬ ಇನ್ನೊಬ್ಬನ ಮನೆಗೆ ನುಗ್ಗಿ ಹೆಂಡತಿ, ಕೂಸು ಇಬ್ಬರಿಗೂ ಒದೆಯುತ್ತಾನೆ. ಆ ದೃಶ್ಯವನ್ನು ಬಹಳ ಕಾಲ ಕತ್ತರಿಸಿ ತೋರಿಸುತ್ತಿದ್ದರು, ವಿಯೆಟ್ನಾಂ ಯುದ್ಧದ ಕಾಲದಲ್ಲಿ ವಾಪಸ್ ಸೇರಿತು. ಇಷ್ಟೆಲ್ಲ ಇರುವ ಚಿತ್ರಕ್ಕೆ ಆಸ್ಕರ್ ಕೊಟ್ಟದ್ದು ಯಾವ ವಿಭಾಗದಲ್ಲಿ ಅಂತೀರಿ? ಸಾಕ್ಷ್ಯಚಿತ್ರ! (ನಮ್ಮಲ್ಲಿ ಹೀಗೆ ಮನುಷ್ಯರನ್ನು ಕುಣಿಸಿದವರು ಪ್ರಮೋದ್ ಪತಿ. ಫಿಲ್ಮ್ಸ್ ಡಿವಿಷನ್ನಿಗೆ 1972ರಲ್ಲಿ 'ಆಬಿದ್' ಮಾಡಿದರು. ಕರಾಳ ಅಲ್ಲ, ಆದರೆ ಸರ್ಕಾರಿ ದುಡ್ಡಿನಲ್ಲಿ ಇಂಥದ್ದೂ ಆಗಿತ್ತು ಅಂತ ಖುಷಿಯಾಗುತ್ತದೆ.)

ಈ ಮೂರೂ ಫಿಲ್ಮ್ ಬೋರ್ಡಿನ ಸೈಟಿನಲ್ಲೇ ಉಚಿತವಾಗಿ ಸಿಗುತ್ತವೆ.

ಇಷ್ಟಾದ ಮೇಲೆ ಝೆಕ್ ದೇಶದ ಯಾನ್ ಶ್ವಾಂಕ್‌ಮಾಯರ್. 1992ರ 'ಫುಡ್'. ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ ಅಂತ ಮೂರು ಭಾಗ. ತಿಂಡಿಯಲ್ಲಿ ಎದುರಿಗೆ ಕೂತ ಮನುಷ್ಯನೇ ಯಂತ್ರ. ಕುತ್ತಿಗೆಯಲ್ಲಿ ಬಳಕೆಯ ಸೂಚನೆ ನೇತುಹಾಕಿರುತ್ತದೆ, ಹೇಳಿದ ಹಾಗೆ ದುಡ್ಡು ಹಾಕಿದರೆ ಎದೆ ತೆಗೆದು ತಟ್ಟೆ ಬರುತ್ತದೆ. ತಿಂದು ಮುಗಿಸಿದವನು ಸೆಟೆದುಕೊಂಡು ತಾನೇ ಯಂತ್ರವಾಗುತ್ತಾನೆ, ಯಂತ್ರವಾಗಿದ್ದವನು ಮೈ ಕೊಡವಿ ಎದ್ದು ಹೋಗುತ್ತಾನೆ. ಹೊರಗೆ ಕ್ಯೂ. ಎರಡನೆಯದು ಹೋಟೆಲ್. ಇಬ್ಬರು ಕೂತಿದ್ದಾರೆ, ಸಪ್ಲೈಯರ್ ತಿರುಗಿ ನೋಡುವುದಿಲ್ಲ. ಕಾದು ಕಾದು ಹೂವು ತಿನ್ನುತ್ತಾರೆ, ತಟ್ಟೆ ತಿನ್ನುತ್ತಾರೆ, ಬಟ್ಟೆ, ಬೂಟು, ಮೇಜು. ಮೂರನೆಯದನ್ನು ನಿಮ್ಮ ಊಟಕ್ಕೆ ಮುಂಚೆ ತೋರಿಸಬೇಡಿ, ಅಷ್ಟೇ ಹೇಳುತ್ತೇನೆ.

ನನ್ನ ಪ್ರಾಣಕ್ಕೆ ಪ್ರಾಣ ಮಾತ್ರ 'ರಿಜೆಕ್ಟೆಡ್', ಡಾನ್ ಹರ್ಟ್ಸ್‌ಫೆಲ್ಟ್, 2000. ಕಡ್ಡಿ ಮನುಷ್ಯರು. ಜಾಹೀರಾತು ಮಾಡಿಕೊಡು ಅಂತ ಕಂಪನಿಗಳು ಕೇಳಿದ ಹಾಗೆ, ಇವನು ಏನೇನೋ ಮಾಡಿ ಎಲ್ಲವೂ ವಾಪಸ್ ಬಂದ ಹಾಗೆ ಒಂದು ಸುಳ್ಳು ಕತೆ. ಕೊನೆಯಲ್ಲಿ ಚಿತ್ರ ಬಿಡಿಸಿದ ಕಾಗದವೇ ಮುದುಡಲು ಶುರುವಾಗುತ್ತದೆ. ಕಡ್ಡಿ ಮನುಷ್ಯರು ಒಳಗಿನಿಂದ ಕಾಗದಕ್ಕೆ ಗುದ್ದುತ್ತಾರೆ, ಕಾಗದ ಈ ಕಡೆ ಉಬ್ಬುತ್ತದೆ. ಕ್ಲೈಂಟಿನಿಂದ ಬೈಸಿಕೊಂಡ ದಿನ ಇದನ್ನು ನೋಡಬೇಕು. ನಿಮ್ಮ ಟೆರೇಸಿಗೆ ಬೇಡ, ಮಾತು ಜಾಸ್ತಿ, ಸ್ವಲ್ಪ ಪೋಲಿಯೂ ಇದೆ. ನೀವೊಬ್ಬರೇ ನೋಡಿ.

---

ಬೇಲಿಮುಳ್ಳು:

ನನಗೊಂದು ಅರ್ಥ ಆಗಲ್ಲ. ಕೂಸಿಗೆ ಒದೆಯೋದು, ಮುದುಕ ಸಾಯೋದು, ಇದರಲ್ಲಿ ನಗೋದಕ್ಕೆ ಏನಿದೆ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರೆ. ದುಡ್ಡು ಕೊಟ್ಟು ಪ್ರೊಜೆಕ್ಟರ್ ತಂದು ಬೆಕ್ಕಿನ ಕಡೆ ಕೂತ್ಕೋಬೇಕಾ?

---

ಲೈಟ್‌ಬಾಕ್ಸ್:

ಪ್ರಶ್ನೆ ಸರಿಯಾಗಿದೆ. ಬೆಕ್ಕಿನ ಕಡೆ ಕೂರಿಸುವ ಚಿತ್ರಗಳೂ ಬೇಕಾದಷ್ಟಿವೆ. ಮುದ್ದು ಮುದ್ದು ಅಳಿಲು, ಮೊಲ ಕತ್ತರಿಸಿಹೋಗುವ 'ಹ್ಯಾಪಿ ಟ್ರೀ ಫ್ರೆಂಡ್ಸ್' ಇತ್ತಲ್ಲ, ಹಾಸ್ಟೆಲಿನಲ್ಲಿ ಬಿದ್ದು ಬಿದ್ದು ನೋಡಿದ್ದೆವು. ಮೂರನೇ ಎಪಿಸೋಡಿಗೆ ಸಾಕಾಯಿತು. ಅದರಲ್ಲಿ ಯಾರು ಸತ್ತರೂ ನಮಗೇನೂ ಹೋಗುವುದಿಲ್ಲ. 'ಬಿಗ್ ಸ್ನಿಟ್' ಹಾಗಲ್ಲ. ಅದರಲ್ಲಿ ಇಲಿ ನಾವೇ. ಕೂಸಿಗೆ ಒದೆಯುವಾಗ ಯಾರೂ ನಗುವುದಿಲ್ಲ, ಅಲ್ಲಿಯವರೆಗೆ ನಕ್ಕಿದ್ದಕ್ಕೆ ನಾಚಿಕೆಯಾಗುತ್ತದೆ. ಅದನ್ನು ಅಲ್ಲಿಟ್ಟಿದ್ದೇ ಅದಕ್ಕೆ.

---

ಯಾರಾ ನದಿ ದಂಡೆ:

ನಾನು ಮೆಲ್ಬರ್ನ್‌ನಲ್ಲಿ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ, ಊರು ಹಾಸನ. ನಮ್ಮೂರಿನವರು ಅಂತ ಹೇಳಿಕೊಳ್ಳಲು ಇಲ್ಲಿ ಒಬ್ಬರಿದ್ದಾರೆ, ಆಡಮ್ ಎಲಿಯಟ್. ಅವರ ಮಣ್ಣಿನ ಗೊಂಬೆಯ ಚಿತ್ರ 'ಹಾರ್ವಿ ಕ್ರಂಪೆಟ್', 2003. ಸುಮಾರು 23 ನಿಮಿಷ, ಆಸ್ಕರ್ ಬಂತು. ಪೋಲೆಂಡಿನಲ್ಲಿ ಹುಟ್ಟಿ, ಯುದ್ಧದ ಕಾಲದಲ್ಲಿ ಆಸ್ಟ್ರೇಲಿಯಾಕ್ಕೆ ಬಂದು ಸೇರಿದವನ ಇಡೀ ಜೀವನ. ಏನು ಕೆಟ್ಟದ್ದು ಆಗಬಹುದೋ ಎಲ್ಲ ಅವನಿಗೇ ಆಗುತ್ತದೆ. ತಲೆಯಲ್ಲಿ ಸ್ಟೀಲ್ ಪ್ಲೇಟ್, ಅದಕ್ಕೆ ಸಿಡಿಲು, ಆಮೇಲೆ ತಲೆಯೇ ಅಯಸ್ಕಾಂತ. ನಟ ಜೆಫ್ರಿ ರಷ್ ಕತೆ ಹೇಳುವ ರೀತಿಯೇ ನಗು ಬರಿಸುತ್ತದೆ, ಏನೂ ಆಗದ ಹಾಗೆ ಹೇಳಿಕೊಂಡು ಹೋಗುತ್ತಾರೆ. ಕೊನೆಯಲ್ಲಿ ಹಾರ್ವಿಗೆ ಮರೆವು ಬಂದು ವೃದ್ಧರ ಮನೆ ಸೇರುತ್ತಾನೆ. ನಾನು ದಿನಾ ನೋಡುವುದೇ ಅದು. ನಮ್ಮಲ್ಲೊಬ್ಬ ಅಜ್ಜಿ ದಿನಾ ಸಂಜೆ ಚೀಲ ಹಿಡಿದು ಬಸ್ ಬಂತಾ ಅಂತ ಕೇಳುತ್ತಾರೆ. ನಾನೂ ಜೊತೆಗೆ ಕೂತು, ಲೇಟ್ ಅಂತೆ ಅಜ್ಜಿ ಅನ್ನುತ್ತೇನೆ. ಇಂಗ್ಲಿಷ್ ಮಾತಿದೆ ನಿಜ. ನೀವೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿಬಿಡಿ, ನಡೆಯುತ್ತದೆ.

---

ಮೂರನೇ ಮಹಡಿ:

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಆಯಿತು. ವರದಿ ಒಪ್ಪಿಸುತ್ತಿದ್ದೇನೆ.

ಮಕ್ಕಳು ಬರಬಾರದು ಅಂತ ಲಿಫ್ಟಿನಲ್ಲಿ '18 ವರ್ಷ ಮೇಲ್ಪಟ್ಟವರಿಗೆ ಮಾತ್ರ' ಅಂತ ಚೀಟಿ ಅಂಟಿಸಿದೆ. ಯಾವತ್ತೂ ಬರದ ಇಬ್ಬರು ಗಂಡಸರು ಅವತ್ತು ಏಳೂ ಕಾಲಿಗೇ ಬಂದು ಮುಂದಿನ ಕುರ್ಚಿ ಹಿಡಿದರು. ಪಂಚೆಯ ಮೇಲೆ ಹಳದಿ ಬೆಕ್ಕಿನ ಮರಿ ಬಂದಾಗ ಅವರ ಮುಖ ನೋಡಬೇಕಿತ್ತು.

ಬೆಕ್ಕಿಗೆ ಎಲ್ಲರಿಗಿಂತ ಜಾಸ್ತಿ ನಕ್ಕಿದ್ದು ನಮ್ಮತ್ತೆ. ಒಂಬತ್ತು ಜೀವದ ವಿಷಯ ಹೇಳಿದರೆ, "ಅಷ್ಟೇನಾ?" ಅಂದರು. ಅವರ ತವರಿನಲ್ಲಿ ಹಾಲು ಕುಡಿಯುವ ಕಳ್ಳ ಬೆಕ್ಕೊಂದನ್ನು ಗೋಣಿಚೀಲಕ್ಕೆ ತುಂಬಿ, ಬಸ್ಸಿನಲ್ಲಿ ತುಂಗೆ ದಾಟಿಸಿ ಬಿಟ್ಟು ಬಂದಿದ್ದರಂತೆ. ಕಂಡಕ್ಟರ್ ಚೀಲಕ್ಕೂ ಟಿಕೆಟ್ ಹರಿದನಂತೆ. ನಾಲ್ಕನೇ ದಿನ ಬೆಳಗ್ಗೆ ಒಲೆ ಹತ್ತಿರ ಮಲಗಿತ್ತು. "ಮತ್ತೆ ಏನ್ ಮಾಡಿದ್ರಿ?" ಅಂತ ಯಾರೋ ಕೇಳಿದರು. "ಹಾಲು ಹಾಕ್ದೆ. ಈ ಮುದುಕಂಗೂ ಒಂದ್ಲೋಟ ಹಾಲು ಹಾಕೋಕೆ ಏನ್ ಧಾಡಿಯಾಗಿತ್ತು?"

'ಬಿಗ್ ಸ್ನಿಟ್' ನಡೆಯುವಾಗ ಜೋಡಿ ಜೋಡಿಯಾಗಿ ಕೂತವರೆಲ್ಲ ಸ್ವಲ್ಪ ದೂರ ಸರಿದ ಹಾಗೆ ಕಂಡಿತು. ಬಾಗಿಲು ತೆಗೆದಾಗ ಒಬ್ಬರೂ ಉಸಿರೆತ್ತಲಿಲ್ಲ. ರಾತ್ರಿ ಮಲಗುವಾಗ ನಮ್ಮನೆಯವರು ಕೇಳಿದರು, "ನಾನು ಗರಗಸ ಹಾಕ್ತೀನಾ?" ಇಲ್ಲ, ನೀವು ಬಾಯಲ್ಲೇ ಕೊರೀತೀರಿ ಅಂದೆ. "ನೀನು ಕಣ್ಣು ಅಲ್ಲಾಡಿಸ್ತೀಯ," ಅಂದು ಮಗ್ಗುಲು ಬದಲಿಸಿದರು.

'ಫುಡ್' ಹೊತ್ತಿಗೆ ನಿಜವಾಗಲೂ ಹಸಿವಾಗಿತ್ತು. ಎಂಟಕ್ಕೆ ಬರಬೇಕಾದ ಊಟ ಎಂಟೂ ಮುಕ್ಕಾಲಾದರೂ ಬಂದಿರಲಿಲ್ಲ, ಫೋನ್ ಮಾಡಿದರೆ "ಸರ್ಕಲ್ ಹತ್ರ ಇದ್ದೀನಿ ಮೇಡಂ" ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಆ ಕಡೆ ಪಂಚೆಯ ಮೇಲೆ ಇಬ್ಬರು ತಟ್ಟೆ ಕಚ್ಚುತ್ತಿದ್ದಾರೆ, ಈ ಕಡೆ ನಮ್ಮ ಕೈಯಲ್ಲಿ ಖಾಲಿ ಹಾಳೆ ತಟ್ಟೆ. ಒಂದನೇ ಮಹಡಿಯ ಮೇಷ್ಟ್ರು ಅದರ ಅಂಚು ಕಚ್ಚಿ, ಅಡಿಕೆಗೆ ಒಳ್ಳೆ ರೇಟ್ ಇದೆ, ಬಿಸಾಕಬೇಡಿ ಅಂದರು. ಲೈಟ್‌ಬಾಕ್ಸ್ ಸಾರ್, ಮೂರನೇ ಭಾಗ ಊಟ ಆದ ಮೇಲೆಯೂ ಹಾಕಬಾರದಿತ್ತು. ಅದನ್ನೂ ಹೇಳಬೇಕಿತ್ತು ನೀವು.

'ನೇಬರ್ಸ್' ಹಾಕುವಾಗ ನನ್ನ ಕೈ ಸ್ವಲ್ಪ ನಡುಗಿತು. ಆ ಇಬ್ಬರೂ ಆ ತುದಿ ಈ ತುದಿಯಲ್ಲಿ ಕೂತಿದ್ದರು. ಹುಲ್ಲಿನ ಮೇಲೆ ತೇಲುವಾಗ ಇಬ್ಬರೂ ನಕ್ಕರು. ಕೂಸಿನ ಜಾಗಕ್ಕೆ ಬಂದಾಗ ಒಬ್ಬರು, ಮೋಟರ್ ಆಫ್ ಮಾಡಿ ಬರ್ತೀನಿ ಅಂತ ಎದ್ದು ಹೋದರು. ವಾಪಸ್ ಬರಲಿಲ್ಲ. ಭಾನುವಾರ ಬೆಳಗ್ಗೆ ಹಾಲು ತರಲು ಕೆಳಗಿಳಿದರೆ ಪಾರ್ಕಿಂಗ್ ಗೆರೆಗೆ ಹೊಸದಾಗಿ ಬಿಳಿ ಬಣ್ಣ ಬಳಿದಿತ್ತು. ಇನ್ನೂ ಹಸಿ. ಯಾರು ಬಳಿದರೋ ಗೊತ್ತಿಲ್ಲ. ಟೇಪ್ ಹಿಡಿದು ಅಳೆದೆ. ಯಾವ ಕಡೆಗೂ ಒಂದಿಂಚು ಸರಿದಿಲ್ಲ.

ಕೊನೆಗೆ ಹಾರ್ವಿ. ಮೆಲ್ಬರ್ನ್‌ನವರೇ, ನೀವು ಹೇಳಿದ ಹಾಗೆ ಪಕ್ಕದಲ್ಲಿ ನಿಂತು ಹರಿಕತೆ ದಾಸರ ಹಾಗೆ ಹೇಳಿಕೊಂಡು ಹೋದೆ. ಅಯಸ್ಕಾಂತದ ತಲೆಗೆ ಎಲ್ಲರೂ ನಕ್ಕರು. ಹಾರ್ವಿ ಒಂದೊಂದೇ ಮರೆಯಲು ಶುರು ಮಾಡಿದಾಗ ನಾನು ಹೇಳುವುದನ್ನು ನಿಲ್ಲಿಸಿದೆ, ಹೇಳುವುದೇನೂ ಉಳಿದಿರಲಿಲ್ಲ. ನಮ್ಮ ಮಾವನವರು ಕೊನೆಯ ಎರಡು ವರ್ಷ ಅತ್ತೆಯನ್ನು 'ಯಾರಮ್ಮಾ ನೀನು, ಕಾಫಿ ಚೆನ್ನಾಗಿ ಮಾಡ್ತೀಯ' ಅನ್ನುತ್ತಿದ್ದರು. ಅತ್ತೆ ಆ ಪಂಚೆಯನ್ನೇ ನೋಡುತ್ತ ಕೂತಿದ್ದರು. ಲೈಟ್ ಹಾಕಿದ ಮೇಲೆ ಎದ್ದು, "ಅದನ್ನ ಒಗಿಯೋಕೆ ಹಾಕು, ಮಧ್ಯದಲ್ಲಿ ಕಲೆಯಾಗಿದೆ," ಅಂದರು.

ಕಲೆ ಇದ್ದದ್ದು ಪ್ರೊಜೆಕ್ಟರಿನ ಗಾಜಿನ ಮೇಲೆ. ಆದರೂ ಪಂಚೆ ಒಗೆದು ಹಾಕಿದೆ.